ವಿಷಪಂಡಿತ ಓರ್ಫಿಲಾ

ಹಳಗನ್ನಡದ ಶಾಸ್ತ್ರಸಾಹಿತ್ಯವನ್ನು ಪಾಠ ಹೇಳುವಾಗ ನಾನು ಮಂಗರಾಜನ ‘ಖಗೇಂದ್ರಮಣಿದರ್ಪಣ’ದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದುಂಟು. ಹದಿನಾಲ್ಕನೆಯ ಶತಮಾನದ ಈ ಜೈನಕವಿ ವಿಷವೈದ್ಯವನ್ನು ಕಾವ್ಯದ ಮಾತಿನಲ್ಲಿ ಹೇಳಿದವನು. ಸ್ಥಾವರವಿಷ ಯಾವುದು, ಜಂಗಮವಿಷ ಯಾವುದು, ಯಾವುದಕ್ಕೆ ಯಾವ ಮದ್ದು ಎಂಬುದನ್ನೆಲ್ಲ ಪದ್ಯಗಳಲ್ಲಿ ಜೋಡಿಸಿಟ್ಟಿದ್ದಾನೆ. ಒಂದು ದಿನ ಈ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಬದುಕಿರುವವನಿಗೆ ಮದ್ದು ಹೇಳಿದ್ದಾಯಿತು, ಸತ್ತವನು ವಿಷದಿಂದಲೇ ಸತ್ತನೆಂದು ತಿಳಿಯುವ ಬಗೆ ಹೇಗೆ ಎಂದು ಕೇಳಿದಳು. ವೈದ್ಯನ ಕಣ್ಣು ಯಾವಾಗಲೂ ಬದುಕಿರುವವನ ಮೇಲೆ, ಸತ್ತವನ ವಿಚಾರ ನ್ಯಾಯಸ್ಥಾನಕ್ಕೆ ಸೇರಿದ್ದು ಎಂದು ಏನೋ ಹೇಳಿ ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದೆ. ಆ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಅದು ಮನಸ್ಸಿನಲ್ಲಿ ಉಳಿದುದಕ್ಕೆ ಇನ್ನೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ನಲವತ್ತು ದಾಟದ ಗೃಹಸ್ಥರೊಬ್ಬರು ರಾತ್ರಿ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಗಂಡಹೆಂಡಿರಿಗೆ ಅಷ್ಟಾಗಿ ಹೊಂದಿಕೆ ಇರಲಿಲ್ಲವೆಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಸಾರಿನಲ್ಲಿ ಏನೋ ಬೆರೆಸಿರಬೇಕೆಂಬ ಮಾತು ಸಂಜೆಯೊಳಗೆ ಹುಟ್ಟಿತು. ಶವಪರೀಕ್ಷೆಯಾಯಿತು. ಹೊಟ್ಟೆ, ಕರುಳು, ಯಕೃತ್ತು, ಮೂತ್ರಪಿಂಡಗಳ ತುಂಡುಗಳು ಉಪ್ಪುನೀರು ತುಂಬಿದ ಜಾಡಿಗಳಲ್ಲಿ ಅರಗಿನ ಮುದ್ರೆ ಹೊತ್ತು ರಾಸಾಯನಿಕ ಪರೀಕ್ಷೆಗೆ ಹೋದವು. ವರದಿ ಬಂದದ್ದು ಏಳು ತಿಂಗಳ ಮೇಲೆ. ಯಾವ ವಿಷದ ಸುಳಿವೂ ಇರಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಆ ಹೆಣ್ಣುಮಗಳು ಮೂರನೆಯ ತಿಂಗಳಿಗೇ ಮಕ್ಕಳನ್ನು ಕರೆದುಕೊಂಡು ತೌರೂರಿಗೆ ಹೊರಟುಹೋಗಿದ್ದಳು. ಆ ಮೂರು ತಿಂಗಳು ನಾನೂ ಅವಳ ಮುಖವನ್ನು ನೇರವಾಗಿ ನೋಡಿದವನಲ್ಲ.

ಆ ಜಾಡಿಗಳಲ್ಲಿ ಏನನ್ನು ಹುಡುಕುತ್ತಾರೆ, ಹೇಗೆ ಹುಡುಕುತ್ತಾರೆ, ಇದೆ ಅಥವಾ ಇಲ್ಲ ಎಂದು ಯಾವ ಧೈರ್ಯದ ಮೇಲೆ ಬರೆಯುತ್ತಾರೆ ಎಂದು ತಿಳಿಯಹೊರಟಾಗ ನನಗೆ ಎದುರಾದ ಹೆಸರು ಮತ್ಯೂ ಓರ್ಫಿಲಾ. ವಿಷವಿಜ್ಞಾನದ ಜನಕನೆಂದು ಲೋಕ ಈತನನ್ನು ಕರೆಯುತ್ತದೆ. ನನಗೆ ಈತನ ಬಾಳು ರುಚಿಸಿದ್ದು ಮಾತ್ರ ಆ ಬಿರುದಿನಿಂದಲ್ಲ. ಈತ ಎರಡು ಸಲ ದೊಡ್ಡದಾಗಿ ಎಡವಿದನು. ಒಂದು ಸಲ ಎಡವಿದ್ದರಿಂದ ಒಂದು ಶಾಸ್ತ್ರವೇ ಹುಟ್ಟಿತು. ಇನ್ನೊಂದು ಸಲ ಎಡವಿದಾಗ, ಒಬ್ಬ ಹೆಂಗಸಿನ ಬಾಳಿನ ತೀರ್ಪು ಈತನ ಮಾತಿನ ಮೇಲೆ ನಿಂತಿತ್ತು.

ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದ ಮಾಹೋನ್ ಎಂಬ ರೇವುಪಟ್ಟಣದಲ್ಲಿ 1787ರ ಏಪ್ರಿಲ್ 24ರಂದು ಓರ್ಫಿಲಾ ಹುಟ್ಟಿದನು. ತಂದೆ ವ್ಯಾಪಾರಿ. ಮಗ ಹಡಗಿನ ವೃತ್ತಿ ಹಿಡಿಯಬೇಕೆಂಬುದು ಅವನ ಆಸೆ. ಹದಿನೈದರ ಹುಡುಗ ಹಡಗು ಹತ್ತಿ ಒಂದು ಸುತ್ತು ಬಂದನು, ಅದು ತನ್ನ ದಾರಿಯಲ್ಲವೆಂದು ತಿಳಿದುಕೊಂಡನು. ಅನಂತರ ವಲೆನ್ಸಿಯಾದಲ್ಲಿ ವೈದ್ಯವಿದ್ಯೆ, ಅಲ್ಲಿಂದ ಬಾರ್ಸಿಲೋನಾ. ಹುಡುಗನ ಬುದ್ಧಿಯನ್ನು ಮೆಚ್ಚಿದ ಅಲ್ಲಿನ ವರ್ತಕರ ಮಂಡಲಿ, ರಸಾಯನಶಾಸ್ತ್ರ ಕಲಿತು ಬಂದು ತಮ್ಮ ಊರಿನಲ್ಲಿ ಪಾಠ ಹೇಳಲೆಂದು ವಿದ್ಯಾರ್ಥಿವೇತನ ಕೊಟ್ಟು 1807ರಲ್ಲಿ ಪ್ಯಾರಿಸ್ಸಿಗೆ ಕಳುಹಿಸಿತು. ಮರುವರ್ಷವೇ ನೆಪೋಲಿಯನ್ನನ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ಹತ್ತಿತು. ವೇತನ ನಿಂತಿತು. ಶತ್ರುದೇಶದ ಪ್ರಜೆಯೆಂದು ಹುಡುಗನನ್ನು ಬಂಧಿಸಿದರು. ಪ್ರಸಿದ್ಧ ರಸಾಯನಜ್ಞ ವೋಕ್ಲೆನ್ ಹೊಣೆ ನಿಂತು ಬಿಡಿಸಿಕೊಂಡನು. ಮಾರ್ಸೆಯ್ಲ್ ಪಟ್ಟಣದಲ್ಲಿದ್ದ ಬಂಧುವೊಬ್ಬ ಹಣ ಕಳುಹಿಸಿ ಕೈಹಿಡಿದನು. 1811ರಲ್ಲಿ ವೈದ್ಯಪದವಿ ಬಂತು. ಹೊಟ್ಟೆಪಾಡಿಗಾಗಿ ಯುವಕ ಮನೆಯಲ್ಲೇ ರಸಾಯನಶಾಸ್ತ್ರದ ಪಾಠ ಹೇಳತೊಡಗಿದನು. ಮಾತು ಚೆನ್ನ, ಪ್ರಯೋಗ ತೋರಿಸುವ ಕೈ ಚುರುಕು. ಕೇಳುವವರು ಸೇರಿದರು.

ಮೊದಲನೆಯ ಎಡವಿಕೆ ಆ ಪಾಠದ ನಡುವೆಯೇ ಆದದ್ದು. 1813ರ ವಸಂತಕಾಲ. ಅಂದಿನ ವಿಷಯ ಪಾಷಾಣ. ನಮ್ಮಲ್ಲಿ ಶಂಖಪಾಷಾಣವೆಂದು ಕರೆಯುವ ಈ ಬಿಳಿಯ ಪುಡಿಗೆ ರುಚಿಯಿಲ್ಲ, ವಾಸನೆಯಿಲ್ಲ. ಇಲಿಯನ್ನು ಕೊಲ್ಲಲೆಂದು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾಗಿತ್ತು. ತಿಂದವನಿಗೆ ವಾಂತಿಭೇದಿ, ಬಾಯಾರಿಕೆ, ಸೆಳೆತ. ನೋಡಿದವರು ಕಾಲರಾ ಎಂದೋ ಅಜೀರ್ಣವೆಂದೋ ಭಾವಿಸಿ ಮಣ್ಣು ಮಾಡಿ ಬರುತ್ತಿದ್ದರು. ಆಸ್ತಿಗಾಗಿ ಕಾದು ಕುಳಿತವರಿಗೆ ಒದಗುವ ಪುಡಿಯಾದ್ದರಿಂದ ಫ್ರಾನ್ಸಿನ ಜನ ಅದಕ್ಕೆ ದಾಯಭಾಗದ ಪುಡಿ ಎಂಬ ಅಡ್ಡಹೆಸರನ್ನೇ ಇಟ್ಟಿದ್ದರು. ಸಂಶಯ ಬಂದರೆ ಪರೀಕ್ಷೆಗಿದ್ದ ಉಪಾಯಗಳು ಒರಟು. ಉಳಿದ ಅನ್ನವನ್ನು ನಾಯಿಗೆ ಹಾಕುವುದು, ಪುಡಿ ಸಿಕ್ಕಿದರೆ ಕೆಂಡದ ಮೇಲೆ ಉದುರಿಸಿ ಬೆಳ್ಳುಳ್ಳಿಯ ವಾಸನೆ ಬರುವುದೇ ಎಂದು ಮೂಸುವುದು. ರಸಾಯನಜ್ಞರಿಗೆ ಇನ್ನೂ ಕೆಲವು ಗೊತ್ತಿದ್ದವು. ಪಾಷಾಣ ಕರಗಿದ ನೀರಿಗೆ ಸುಣ್ಣದ ತಿಳಿನೀರು ಸೇರಿಸಿದರೆ ಬಿಳಿಯ ಗಸಿ ಇಳಿಯುತ್ತದೆ ಎಂಬುದು ಅವುಗಳಲ್ಲೊಂದು.

ಓರ್ಫಿಲಾ ಅದನ್ನು ತೋರಿಸಿದನು. ಗಸಿ ಇಳಿಯಿತು. ಪಾಷಾಣ ಯಾವ ಪಾನೀಯದಲ್ಲಿ ಬೆರೆತಿದ್ದರೂ ಹೀಗೆಯೇ ಆಗುವುದೆಂದು ಆತ ಸಭೆಗೆ ಹೇಳಿ, ಅದನ್ನು ಸಿದ್ಧಪಡಿಸಲು ಒಂದು ಬಟ್ಟಲು ಕಾಫಿಗೆ ವಿಷ ಬೆರೆಸಿ ಸುಣ್ಣದ ನೀರು ಸುರಿದನು. ಬಿಳಿಯ ಗಸಿ ಬರಲಿಲ್ಲ. ಬಂದದ್ದು ಬೂದುಬಣ್ಣದ ಏನೋ ಒಂದು ರಾಡಿ. ತುಂಬಿದ ಸಭೆಯಲ್ಲಿ ಮೇಷ್ಟರಿಗೆ ಲೆಕ್ಕ ತಪ್ಪಿದರೆ ಹೇಗಿರುತ್ತದೆಂಬುದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ನಾನಾಗಿದ್ದರೆ ಕಾಫಿಯನ್ನು ದೂರಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆನೇನೋ. ಓರ್ಫಿಲಾ ಹಾಗೆ ಮಾಡಲಿಲ್ಲ. ಪುಸ್ತಕಗಳಲ್ಲಿದ್ದ ಬೇರೆ ಬೇರೆ ಪರೀಕ್ಷೆಗಳನ್ನು, ಬೇರೆ ಬೇರೆ ವಿಷಗಳನ್ನು ತೆಗೆದುಕೊಂಡು ಸಾರು, ಹಾಲು, ದ್ರಾಕ್ಷಾರಸ, ಪಿತ್ತ, ರಕ್ತ ಇವುಗಳಲ್ಲಿ ಬೆರೆಸಿ ನೋಡತೊಡಗಿದನು. ಬಹುಮಟ್ಟಿಗೆ ಎಲ್ಲವೂ ಕೈಕೊಟ್ಟವು. ಶುದ್ಧಜಲದಲ್ಲಿ ಮಾಡಿದ ಪರೀಕ್ಷೆ ಮನುಷ್ಯನ ಹೊಟ್ಟೆಯಲ್ಲಿದ್ದುದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿಯವರೆಗೆ ನ್ಯಾಯಸ್ಥಾನಗಳಲ್ಲಿ ಪ್ರಮಾಣ ಮಾಡಿ ಹೇಳಿದ ವೈದ್ಯರ ಮಾತುಗಳ ಕೆಳಗೆ ಗಟ್ಟಿನೆಲವೇ ಇರಲಿಲ್ಲ. ಆ ಮಾತುಗಳ ಮೇಲೆ ನೇಣಿಗೇರಿದವರಿದ್ದರು, ಬಿಡುಗಡೆಯಾಗಿ ಮನೆಗೆ ಹೋದವರೂ ಇದ್ದರು.

ಇದರ ಫಲ 1814ರಲ್ಲಿ ಹೊರಬರತೊಡಗಿದ ವಿಷಗಳ ಮಹಾಗ್ರಂಥ. ಲೇಖಕನಿಗೆ ಆಗ ಇಪ್ಪತ್ತೇಳು ವರ್ಷ. ಖನಿಜ, ಸಸ್ಯ, ಪ್ರಾಣಿ ಈ ಮೂರು ಮೂಲದ ವಿಷಗಳನ್ನೂ ಅವು ದೇಹದಲ್ಲಿ ಮಾಡುವ ಕೆಲಸಕ್ಕೆ ಅನುಸಾರವಾಗಿ ವರ್ಗೀಕರಿಸಿ, ಪ್ರತಿಯೊಂದನ್ನೂ ದೇಹದ ದ್ರವ್ಯಗಳ ನಡುವೆ ಗುರುತಿಸುವ ಬಗೆಯನ್ನು ಹೇಳುವ ಗ್ರಂಥ ಅದು. ನಮ್ಮ ಮಂಗರಾಜನ ಸ್ಥಾವರ ಜಂಗಮಗಳು ನೆನಪಾಗುತ್ತವೆ. ಆದರೆ ಮಂಗರಾಜ ನಿಂತದ್ದು ರೋಗಿಯ ತಲೆದೆಸೆಯಲ್ಲಿ, ಓರ್ಫಿಲಾ ನಿಂತದ್ದು ಶವದ ಮೇಜಿನ ಬಳಿ. ಈ ಗ್ರಂಥದ ಹಿಂದೆ ಅಸಂಖ್ಯ ನಾಯಿಗಳ ಸಾವಿದೆ ಎಂಬುದನ್ನು ಮರೆಮಾಚಲಾರೆ. ವಿಷವನ್ನು ಕಕ್ಕದಂತೆ ಅವುಗಳ ಅನ್ನನಾಳವನ್ನು ಕಟ್ಟಿ ಪ್ರಯೋಗ ನಡೆಸುತ್ತಿದ್ದನು. ಆ ಕಾಲದವರೇ ಕೆಲವರು ಇದನ್ನು ಆಕ್ಷೇಪಿಸಿದರು. ಓದುವಾಗ ನನ್ನ ಮನಸ್ಸೂ ಮುದುಡಿತು.

ಅಲ್ಲಿಂದ ಮುಂದೆ ಏಳಿಗೆ ಬೇಗ ಬೇಗ ಬಂತು. 1815ರಲ್ಲಿ ಶಿಲ್ಪಿಯೊಬ್ಬನ ಮಗಳೊಡನೆ ಮದುವೆ, ಅನಂತರ ಹದಿನೆಂಟನೆಯ ಲೂಯಿ ದೊರೆಯ ವೈದ್ಯರಲ್ಲಿ ಒಬ್ಬನ ಸ್ಥಾನ, 1818ರಲ್ಲಿ ಫ್ರೆಂಚ್ ಪೌರತ್ವ, 1819ರಲ್ಲಿ ಪ್ಯಾರಿಸ್ಸಿನ ವೈದ್ಯವಿದ್ಯಾಲಯದಲ್ಲಿ ನ್ಯಾಯವೈದ್ಯಶಾಸ್ತ್ರದ ಪೀಠ, 1823ರಲ್ಲಿ ರಸಾಯನಶಾಸ್ತ್ರದ ಪೀಠ. 1831ರಿಂದ ವಿದ್ಯಾಲಯದ ಮುಖ್ಯಸ್ಥ. ಕಂಠ ಬಹಳ ಚೆನ್ನಾಗಿತ್ತಂತೆ. ಗಂಡಹೆಂಡಿರಿಬ್ಬರೂ ಹಾಡುವವರು. ಅವರ ಮನೆಯ ಸಂಗೀತಗೋಷ್ಠಿಗೆ ಪ್ಯಾರಿಸ್ಸಿನ ಗಣ್ಯರು ಸೇರುತ್ತಿದ್ದರು. ಹಗಲು ಶವದ ಕರುಳನ್ನು ಕುದಿಸಿ ಸಂಜೆ ಗಾನಗೋಷ್ಠಿ ನಡೆಸುತ್ತಿದ್ದ ಈ ಮನುಷ್ಯನ ಚಿತ್ರ ಯಾವ ಕಾದಂಬರಿಕಾರನಿಗಾದರೂ ಆಸೆ ಹುಟ್ಟಿಸುವಂಥದು.

ಆದರೂ ಒಂದು ಕೊರತೆ ಉಳಿದಿತ್ತು. ಕೈಯಲ್ಲಿದ್ದ ಪರೀಕ್ಷೆಗಳಿಗೆ ವಿಷ ಸಾಕಷ್ಟು ಪ್ರಮಾಣದಲ್ಲಿ ಬೇಕಾಗುತ್ತಿತ್ತು. ಇದನ್ನು ನೀಗಿದವನು ಇಂಗ್ಲೆಂಡಿನ ಜೇಮ್ಸ್ ಮಾರ್ಷ್, ವೂಲಿಚ್ ಶಸ್ತ್ರಾಗಾರದ ರಸಾಯನಜ್ಞ. ಅಜ್ಜನ ಕಾಫಿಗೆ ಪಾಷಾಣ ಹಾಕಿದನೆಂಬ ಆರೋಪ ಹೊತ್ತ ಯುವಕನೊಬ್ಬನ ಮೊಕದ್ದಮೆಯಲ್ಲಿ ಈತ ಹಳೆಯ ವಿಧಾನದಿಂದ ವಿಷವನ್ನು ತೋರಿಸಿದ್ದನು. ಆದರೆ ಆ ಹಳದಿ ಗಸಿ ನ್ಯಾಯದರ್ಶಿಗಳ ಮುಂದೆ ಬರುವ ಹೊತ್ತಿಗೆ ಕೆಟ್ಟುಹೋಗಿತ್ತು. ಯುವಕ ಬಿಡುಗಡೆಯಾದನು. ಕೊಂದವನು ತಾನೇ ಎಂದು ಆಮೇಲೆ ಒಪ್ಪಿಕೊಂಡನು. ಅಪಮಾನದಿಂದ ಬೆಂದ ಮಾರ್ಷ್ 1836ರಲ್ಲಿ ಹೊಸ ಉಪಕರಣವೊಂದನ್ನು ಪ್ರಕಟಿಸಿದನು. ಸಂಶಯದ ದ್ರವಕ್ಕೆ ಸತುವನ್ನೂ ಗಂಧಕಾಮ್ಲವನ್ನೂ ಸೇರಿಸಿದರೆ ಜಲಜನಕ ಹೊರಡುತ್ತದೆ. ಪಾಷಾಣವಿದ್ದರೆ ಅದೂ ಜಲಜನಕದೊಡನೆ ಕೂಡಿ ಅನಿಲವಾಗಿ ಬರುತ್ತದೆ. ಆ ಅನಿಲವನ್ನು ಕಿರಿದಾದ ಬಾಯಲ್ಲಿ ಹೊತ್ತಿಸಿ ಉರಿಗೆ ತಣ್ಣನೆಯ ಪಿಂಗಾಣಿಯನ್ನು ಹಿಡಿದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಒಂದು ಮಿಲಿಗ್ರಾಂನ ಐವತ್ತರಲ್ಲೊಂದು ಪಾಲು ಇದ್ದರೂ ಸಾಕು. ಕಲೆ ಕೆಡುವುದಿಲ್ಲ, ನ್ಯಾಯಾಧೀಶರು ಕೈಯಲ್ಲಿ ಹಿಡಿದು ನೋಡಬಹುದು.

ಓರ್ಫಿಲಾ ಈ ಉಪಕರಣವನ್ನು ತನ್ನದಾಗಿಸಿಕೊಂಡನು. ವಿಷ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ, ರಕ್ತದೊಡನೆ ಯಕೃತ್ತು, ಪ್ಲೀಹ, ಮೂತ್ರಪಿಂಡಗಳಿಗೆ ಸೇರುತ್ತದೆ, ಹೊಟ್ಟೆ ಬರಿದಾದ ಮೇಲೂ ಅಲ್ಲಿ ಸಿಗುತ್ತದೆ ಎಂದು 1839ರ ಹೊತ್ತಿಗೆ ತೋರಿಸಿದನು. ನಮ್ಮ ಬೀದಿಯ ಆ ಜಾಡಿಗಳಲ್ಲಿ ಯಕೃತ್ತಿನ ತುಂಡು ಏಕೆ ಇತ್ತೆಂಬುದಕ್ಕೆ ಉತ್ತರ ಇಲ್ಲಿದೆ. ಆದರೆ ಇಷ್ಟು ಸೂಕ್ಷ್ಮವಾದ ಪರೀಕ್ಷೆ ಕೈಗೆ ಬಂದಾಗ ಹೊಸ ಭಯವೊಂದೂ ಬಂತು. ಕಲೆ ಎಲ್ಲೆಲ್ಲೂ ಕಾಣತೊಡಗಿತು. ಪರೀಕ್ಷೆಗೆ ಬಳಸುವ ಸತುವಿನಲ್ಲೇ, ಆಮ್ಲದಲ್ಲೇ ಪಾಷಾಣದ ಅಂಶವಿರಬಹುದು. ಸ್ಮಶಾನದ ಮಣ್ಣಿನಲ್ಲಿರಬಹುದು. ಓರ್ಫಿಲಾ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದನು. ಹಾಗೆ ಪರೀಕ್ಷಿಸುವಾಗಲೇ ಕುವೆರ್ಬ್ ಎಂಬ ರಸಾಯನಜ್ಞನೊಡನೆ ಕೂಡಿ, ಆರೋಗ್ಯವಂತನ ಮೂಳೆಯಲ್ಲೂ ಸಹಜವಾಗಿ ಪಾಷಾಣವಿದೆ ಎಂಬ ಸಿದ್ಧಾಂತವನ್ನು ಸಾರಿಬಿಟ್ಟನು. ಇದು ಎರಡನೆಯ ಎಡವಿಕೆ. ಎಡವಿದ್ದು ಆಗ ಯಾರಿಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಲಫಾರ್ಜ್ ಮೊಕದ್ದಮೆ ಬಂತು. ಫ್ರಾನ್ಸಿನ ಕೊರೆಜ್ ಪ್ರಾಂತದ ಲ ಗ್ಲಾಂದಿಯೇ ಎಂಬಲ್ಲಿ ಕಬ್ಬಿಣದ ಕಾರ್ಖಾನೆ ನಡೆಸುತ್ತಿದ್ದ ಶಾರ್ಲ್ ಲಫಾರ್ಜನನ್ನು 1839ರ ಆಗಸ್ಟಿನಲ್ಲಿ ಮಾರೀ ಕಪೆಲ್ ಎಂಬ ಪ್ಯಾರಿಸ್ಸಿನ ಸುಶಿಕ್ಷಿತ ತರುಣಿ ಮದುವೆಯಾದಳು. ಅರಮನೆಯಂಥ ಮನೆ ಎಂದು ನಂಬಿ ಬಂದವಳಿಗೆ ಕಂಡದ್ದು ಪಾಳುಬಿದ್ದ ಹಳೆಯ ಮಠ, ಇಲಿಗಳ ಕಾಟ, ಸಾಲದಲ್ಲಿ ಮುಳುಗಿದ ಗಂಡ. ಆ ಚಳಿಗಾಲ ಗಂಡ ಪ್ಯಾರಿಸ್ಸಿನಲ್ಲಿದ್ದಾಗ ಮನೆಯಿಂದ ಹೋದ ಕೇಕನ್ನು ತಿಂದು ಕಾಯಿಲೆ ಬಿದ್ದನು. ಜನವರಿ ಮೊದಲಲ್ಲಿ ಮನೆಗೆ ಬಂದನು, ಹೆಂಡತಿಯ ಶುಶ್ರೂಷೆಯಲ್ಲೇ 1840ರ ಜನವರಿ 14ರಂದು ಸತ್ತನು. ಆಕೆ ಇಲಿಗಾಗಿ ಪಾಷಾಣ ತರಿಸಿದ್ದು ನಿಜ. ಮೊಟ್ಟೆಹಾಲಿನಲ್ಲಿ ಬಿಳಿಯ ಪುಡಿ ಕದಡುವುದನ್ನು ಮನೆಯಲ್ಲಿದ್ದ ಸ್ತ್ರೀಯೊಬ್ಬಳು ಕಂಡಿದ್ದಳು. ಇಲಿಗೆಂದು ಕಲಸಿಟ್ಟಿದ್ದುದರಲ್ಲಿ ಪಾಷಾಣವಿರಲಿಲ್ಲ, ಇದ್ದದ್ದು ಸೋಡಾ.

ಸೆಪ್ಟೆಂಬರಿನಲ್ಲಿ ತುಲ್ ಪಟ್ಟಣದ ನ್ಯಾಯಸ್ಥಾನದಲ್ಲಿ ವಿಚಾರಣೆ. ಯೂರೋಪಿನ ಪತ್ರಿಕೆಗಳೆಲ್ಲ ಅತ್ತ ಕಣ್ಣು ನೆಟ್ಟವು. ಮೊದಲು ಬ್ರೀವ್ ಊರಿನ ವೈದ್ಯರು ಹಳೆಯ ವಿಧಾನದಿಂದ ಪರೀಕ್ಷಿಸಿ ಪಾಷಾಣವಿದೆ ಎಂದಿದ್ದರು. ಅವರ ಪ್ರನಾಳ ನಡುವೆಯೇ ಒಡೆದುಹೋಗಿತ್ತು. ಮಾರೀಯ ವಕೀಲ ಪಾಯೆ, ಓರ್ಫಿಲಾನಿಗೆ ಪರಿಚಿತ. ಓರ್ಫಿಲಾನ ಅಭಿಪ್ರಾಯವನ್ನು ಬರೆಸಿಕೊಂಡು ತಂದು, ಬ್ರೀವಿನ ಪರೀಕ್ಷೆ ಏನೂ ಬೆಲೆಯಿಲ್ಲದ್ದೆಂದು ಸಭೆಯಲ್ಲಿ ಓದಿದನು. ಹೊಸ ಪರೀಕ್ಷೆಗೆ ಲಿಮೋಜಿನ ರಸಾಯನಜ್ಞರು ಬಂದರು. ಮಾರ್ಷನ ಉಪಕರಣ ಅವರಿಗೆ ಹೊಸದು. ಹೊಟ್ಟೆಯ ಪದಾರ್ಥದಲ್ಲಿ ಕಲೆ ಬರಲಿಲ್ಲ. ಗೋರಿ ತೆಗೆಸಿ ಅಂಗಗಳನ್ನು ನೋಡಿದರು, ಆಗಲೂ ಬರಲಿಲ್ಲ. ಆದರೆ ಮನೆಯಲ್ಲಿ ಉಳಿದಿದ್ದ ಮೊಟ್ಟೆಹಾಲಿನಲ್ಲಿ ಪಾಷಾಣ ಧಾರಾಳವಾಗಿತ್ತು. ಬಟ್ಟಲಲ್ಲಿ ವಿಷವಿದೆ, ಕುಡಿದವನ ದೇಹದಲ್ಲಿ ಇಲ್ಲ! ಸರಕಾರದ ವಕೀಲ ಕಡೆಯ ಅಸ್ತ್ರವಾಗಿ ಓರ್ಫಿಲಾನನ್ನೇ ಕರೆಸಬೇಕೆಂದನು. ಪಾಯೆ ಮೊದಲು ಕೇಳಿದ್ದೂ ಅದನ್ನೇ. ತನ್ನ ಪರವಾಗಿ ಹೆಸರು ಬಳಸಿಕೊಂಡ ಪಂಡಿತನನ್ನು ಈಗ ಬೇಡವೆನ್ನುವುದು ಹೇಗೆ?

ಸೆಪ್ಟೆಂಬರ್ 13ರಂದು ಓರ್ಫಿಲಾ ಇಬ್ಬರು ಸಹಾಯಕರೊಡನೆ ತುಲ್ ತಲುಪಿದನು. ನ್ಯಾಯಾಲಯದ ಕಟ್ಟಡದಲ್ಲೇ ಬಾಗಿಲು ಹಾಕಿಕೊಂಡು, ಹಿಂದೆ ಪರೀಕ್ಷಿಸಿದವರೆಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು, ರಾತ್ರಿಯೆಲ್ಲ ಕೆಲಸ ಮಾಡಿದನು. ಮರುದಿನ ಮಧ್ಯಾಹ್ನ ಸಭೆಗೆ ಬಂದು ಹೇಳಿದ್ದು ಇಷ್ಟು: ಲಫಾರ್ಜನ ದೇಹದಲ್ಲಿ ಪಾಷಾಣವಿದೆ. ಅದು ನಾವು ಬಳಸಿದ ದ್ರವ್ಯಗಳಿಂದ ಬಂದದ್ದಲ್ಲ, ಗೋರಿಯ ಮಣ್ಣಿನಿಂದ ಬಂದದ್ದಲ್ಲ. ಮನುಷ್ಯದೇಹದಲ್ಲಿ ಸಹಜವಾಗಿ ಇರುವಂಥ ಪಾಷಾಣವೂ ಅಲ್ಲ. ಹಿಂದಿನ ಪರೀಕ್ಷಕರಿಗೆ ಕಾಣದೆ ಹೋದದ್ದು ಪ್ರಮಾಣ ಬಹಳ ಅಲ್ಪವಾದ್ದರಿಂದ ಮತ್ತು ಉಪಕರಣ ಬಹಳ ನಾಜೂಕಾದ್ದರಿಂದ. ಆ ಪ್ರಮಾಣ ಸುಮಾರು ಅರ್ಧ ಮಿಲಿಗ್ರಾಂ.

ಮಾರೀಯ ಪರವಾಗಿ ರಸ್ಪಾಯ್ ಎಂಬ ಇನ್ನೊಬ್ಬ ರಸಾಯನಜ್ಞನಿಗೆ ಕರೆ ಹೋಯಿತು. ಆತ ಪ್ರಜಾಪ್ರಭುತ್ವವಾದಿ, ಸೆರೆಮನೆ ಕಂಡವನು, ರಾಜಾಸ್ಥಾನದ ಮನ್ನಣೆ ಪಡೆದ ಓರ್ಫಿಲಾನನ್ನು ಕಂಡರಾಗದವನು. ಓರ್ಫಿಲಾನ ಸತುವಿನಲ್ಲೇ ಪಾಷಾಣವಿರಬಹುದೆಂಬುದು ಅವನ ವಾದ. ನ್ಯಾಯಾಧೀಶರು ಕೂರುವ ಕುರ್ಚಿಯಿಂದಲೂ ತಾನು ಪಾಷಾಣ ತೆಗೆದು ತೋರಿಸಬಲ್ಲೆನೆನ್ನುತ್ತಿದ್ದನೆಂಬ ಪ್ರತೀತಿಯಿದೆ. ಹೊರಟವನಿಗೆ ದಾರಿಯಲ್ಲಿ ವಿಘ್ನವಾಗಿ ತುಲ್ ತಲುಪುವ ಹೊತ್ತಿಗೆ ಕೆಲವು ಗಂಟೆಗಳ ಹಿಂದೆಯಷ್ಟೇ ತೀರ್ಪು ಬಂದಿತ್ತು. ಸೆಪ್ಟೆಂಬರ್ 19. ಇಪ್ಪತ್ತನಾಲ್ಕು ವರ್ಷದ ಮಾರೀಗೆ ಜೀವಾವಧಿ ಕಠಿಣಶಿಕ್ಷೆ. ದೊರೆ ಲೂಯಿ ಫಿಲಿಪ್ ಅದನ್ನು ಜೀವಾವಧಿ ಸೆರೆಯಾಗಿ ಇಳಿಸಿದನು.

ಮರುವರ್ಷ ಸಹಜ ಪಾಷಾಣದ ಸಿದ್ಧಾಂತ ಕುಸಿಯಿತು. ಫ್ಲಾಂದೆಂ ಮತ್ತು ದಾಂಜೆ ಎಂಬ ಇಬ್ಬರು ಹೆಚ್ಚು ಎಚ್ಚರದಿಂದ ಪರೀಕ್ಷಿಸಿ ಆರೋಗ್ಯವಂತನ ದೇಹದಲ್ಲಿ ಅದು ಕಾಣುವುದಿಲ್ಲವೆಂದರು. 1841ರಲ್ಲಿ ವಿಜ್ಞಾನ ಅಕಾಡೆಮಿಯ ಮಂಡಲಿ ವಿಚಾರಣೆ ನಡೆಸಿದಾಗ ಓರ್ಫಿಲಾ ತನ್ನ ಹಿಂದಿನ ಫಲಿತಾಂಶ ಮತ್ತೆ ದೊರೆಯುತ್ತಿಲ್ಲವೆಂದು ಒಪ್ಪಿಕೊಂಡನು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ತುಲ್ ನ್ಯಾಯಾಲಯದಲ್ಲಿ ಅಷ್ಟು ನಿಶ್ಚಯವಾಗಿ ನುಡಿದವನು, ಇದು ಸಹಜ ಪಾಷಾಣವಲ್ಲ ಎಂದು ಬೇರ್ಪಡಿಸಿ ತೋರಿಸಿದವನು, ಇಲ್ಲದಿದ್ದ ವಸ್ತುವೊಂದರಿಂದ ಬೇರ್ಪಡಿಸಿದ್ದನು! ತರ್ಕವಾಗಿ ನೋಡಿದರೆ ಈ ತಪ್ಪು ಮಾರೀಗೆ ಸಹಾಯಕವಲ್ಲ. ದೇಹದಲ್ಲಿ ಸಹಜ ಪಾಷಾಣವಿಲ್ಲದಿದ್ದರೆ ಸಿಕ್ಕಿದ್ದೆಲ್ಲ ಹೊರಗಿನಿಂದಲೇ ಬಂದಿರಬೇಕು. ಆದರೆ ಮೂಳೆಯಲ್ಲಿ ಕಂಡ ಕಲೆ ಭ್ರಮೆಯಾಗಿದ್ದರೆ ಲಫಾರ್ಜನ ಯಕೃತ್ತಿನಲ್ಲಿ ಕಂಡ ಕಲೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ತರ್ಕ ತಡೆಯಲಾರದು. ಕಥೆ ಇಲ್ಲಿಗೂ ಮುಗಿಯಲಿಲ್ಲ. ಆ ಶತಮಾನದ ಕೊನೆಯಲ್ಲಿ ಆರ್ಮಾಂ ಗೋತಿಯೇ ಎಂಬ ಫ್ರೆಂಚ್ ರಸಾಯನಜ್ಞ, ಅತ್ಯಲ್ಪ ಪ್ರಮಾಣದ ಪಾಷಾಣ ಆರೋಗ್ಯವಂತನ ದೇಹದಲ್ಲೂ ಇರುತ್ತದೆಂದು ತೋರಿಸಿದನು. ಅದು ಇಂದು ಎಲ್ಲರೂ ಒಪ್ಪಿದ ಮಾತು. ಓರ್ಫಿಲಾ ಹೇಳಿದ್ದು ಒಂದು ಬಗೆಯಲ್ಲಿ ನಿಜ. ಅದನ್ನು ಹೇಳುವುದಕ್ಕೆ ಅವನ ಕೈಯಲ್ಲಿದ್ದ ಆಧಾರ ಮಾತ್ರ ನಿಜವಾದದ್ದಲ್ಲ.

ತಪ್ಪನ್ನು ಒಪ್ಪಿಕೊಂಡದ್ದಕ್ಕೆ ನಾನು ಅವನಿಗೆ ದೊಡ್ಡ ಮನ್ನಣೆ ಕೊಡುತ್ತೇನೆ. ಆದರೆ ಸೆರೆಯಲ್ಲಿದ್ದವಳಿಗೆ ಆ ಒಪ್ಪಿಗೆಯಿಂದ ಏನೂ ಬದಲಾಗಲಿಲ್ಲ ಎಂಬುದನ್ನೂ ಮರೆಯಲಾರೆ.

ಪಾಷಾಣ ಲೋಹದಂಥ ವಸ್ತು. ಅಂಗವನ್ನು ಆಮ್ಲದಲ್ಲಿ ಕುದಿಸಿ ಸುಟ್ಟರೂ ಅದು ಉಳಿಯುತ್ತದೆ. ಅಫೀಮಿನ ಮಾರ್ಫಿನ್, ಕಾಸರಕದ ಸ್ಟ್ರಿಕ್ನಿನ್, ಹೊಗೆಸೊಪ್ಪಿನ ನಿಕೋಟಿನ್ ಮುಂತಾದ ಸಸ್ಯವಿಷಗಳು ಹಾಗಲ್ಲ. ಅಂಗವನ್ನು ಸುಟ್ಟರೆ ಅವೂ ಸುಟ್ಟುಹೋಗುತ್ತವೆ. 1823ರಲ್ಲಿ ಕಾಸ್ತೆಂಗ್ ಎಂಬ ತರುಣ ವೈದ್ಯ ಮಾರ್ಫಿನ್ ಕೊಟ್ಟು ಸ್ನೇಹಿತನನ್ನು ಕೊಂದನೆಂಬ ಆರೋಪ ಬಂದಾಗ ಶವದಲ್ಲಿ ಮಾರ್ಫಿನ್ ಸಿಗಲಿಲ್ಲ, ಆದರೂ ಅವನ ತಲೆ ಉರುಳಿತು. ಕೆಂಪುನಾರಾಯಣನ ‘ಮುದ್ರಾಮಂಜೂಷ’ ರಚಿತವಾದದ್ದೂ ಆ ವರ್ಷವೇ. ನಮ್ಮ ಗದ್ಯದಲ್ಲಿ ಚಾಣಕ್ಯನ ವಿಷಕನ್ಯೆ ಓಡಾಡುತ್ತಿದ್ದಾಗ ಪ್ಯಾರಿಸ್ಸಿನ ನ್ಯಾಯಾಲಯ ಗುರುತು ಬಿಡದ ವಿಷದ ಮುಂದೆ ಕೈಚೆಲ್ಲಿ ನಿಂತಿತ್ತು. ಸಸ್ಯವಿಷಗಳನ್ನು ಶವದಿಂದ ಬೇರ್ಪಡಿಸುವುದು ಅಸಾಧ್ಯವಿರಬಹುದೆಂದು 1840ರ ದಶಕದ ಕೊನೆಯಲ್ಲೂ ಓರ್ಫಿಲಾ ಭಾವಿಸಿದ್ದನು.

ಅದನ್ನು ಸಾಧಿಸಿದವನು ಬೆಲ್ಜಿಯಂನ ಝಾಂ ಸೆರ್ವೇ ಸ್ಟಾಸ್. 1850ರ ನವೆಂಬರಿನಲ್ಲಿ ಬೊಕಾರ್ಮೆ ಎಂಬ ಪ್ರಭು ತನ್ನ ಭಾವಮೈದುನನಿಗೆ ಹೊಗೆಸೊಪ್ಪಿನಿಂದ ಇಳಿಸಿದ ನಿಕೋಟಿನ್ ಕುಡಿಸಿ ಕೊಂದನು. ಸ್ಟಾಸ್ ಅಂಗಗಳನ್ನು ಸುಡಲಿಲ್ಲ. ಆಮ್ಲ ಸೇರಿದ ಮದ್ಯಸಾರದಲ್ಲಿ ನೆನೆಸಿ ವಿಷವನ್ನು ಅದರೊಳಕ್ಕೆ ಎಳೆದುಕೊಂಡನು. ಸೋಸಿದ ದ್ರವಕ್ಕೆ ಕ್ಷಾರ ಹಾಕಿ ಈಥರಿನೊಡನೆ ಕುಲುಕಿದನು. ಮಾಂಸದ ಅಂಶವೆಲ್ಲ ನೀರಿನಲ್ಲಿ ಉಳಿಯಿತು, ವಿಷ ಈಥರಿಗೆ ಹೋಯಿತು. ಈಥರ್ ಆರಿದಾಗ ಬಟ್ಟಲಿನಲ್ಲಿ ಹೊಗೆಸೊಪ್ಪಿನ ಘಾಟು. 1851ರಲ್ಲಿ ಬೊಕಾರ್ಮೆಯ ತಲೆ ಹೋಯಿತು. ಅದೇ ವರ್ಷ ಓರ್ಫಿಲಾನೂ ನಿಕೋಟಿನ್ ಕುರಿತು ಪ್ರಬಂಧ ಪ್ರಕಟಿಸಿದನು. ಯಾರು ಮೊದಲೆಂಬ ಚರ್ಚೆ ನಡೆಯಿತು. ನನ್ನ ಎಣಿಕೆಯಲ್ಲಿ ಕೀರ್ತಿ ಸ್ಟಾಸನಿಗೇ ಸಲ್ಲಬೇಕು. ಮೊದಲಿನ ಪಾಠವಾದ ಕಾಫಿಬಟ್ಟಲಿನ ಪಾಠವನ್ನು ಕಲಿಸಿದವನು ಮಾತ್ರ ಓರ್ಫಿಲಾ.

ಸಾವಿಗೆ ಕಾರಣ ತಿಳಿಯದ ಶವ ಇಂದು ಬಂದರೆ ಪ್ರಯೋಗಶಾಲೆ ಮಾಡುವ ಕೆಲಸದಲ್ಲಿ ಈ ಎಲ್ಲರ ಕೈ ಕಾಣುತ್ತದೆ. ತೊಡೆಯ ರಕ್ತನಾಳದ ರಕ್ತ, ಮೂತ್ರ, ಯಕೃತ್ತು, ಹೊಟ್ಟೆಯಲ್ಲಿದ್ದುದು, ಕಣ್ಣಿನೊಳಗಿನ ದ್ರವ ಇವನ್ನು ಬೇರೆ ಬೇರೆಯಾಗಿ ಮುದ್ರೆ ಹಾಕಿ ಕಳುಹಿಸುತ್ತಾರೆ. ಮೊದಲ ಪರೀಕ್ಷೆ ಬರಿಯ ಜರಡಿ. ಅಫೀಮಿನ ಜಾತಿಯದು, ನಿದ್ರೆಮಾತ್ರೆಯ ಜಾತಿಯದು ಎಂದು ಗುಂಪನ್ನಷ್ಟೇ ಹೇಳುತ್ತದೆ, ಕೆಲವು ಸಲ ನಿರಪರಾಧಿಯಾದ ಕೆಮ್ಮಿನ ಔಷಧವನ್ನು ಕಂಡೂ ಕೂಗಿಕೊಳ್ಳುತ್ತದೆ. ಅದನ್ನು ನಂಬಿ ಯಾರೂ ವರದಿ ಬರೆಯುವಂತಿಲ್ಲ. ಸ್ಟಾಸನ ರೀತಿಯಲ್ಲೇ ವಸ್ತುವನ್ನು ಮಾಂಸದಿಂದ ಬಿಡಿಸಿ, ಕ್ರೊಮಟೋಗ್ರಫಿಯ ಯಂತ್ರದಲ್ಲಿ ಒಂದೊಂದನ್ನೂ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅದರ ಅಣುವನ್ನು ಒಡೆದು ತುಂಡುಗಳ ತೂಕದಿಂದ ಗುರುತಿಸುತ್ತಾರೆ. ಜೊತೆಗೆ ವಿಷವಿಲ್ಲದ ಮಾದರಿಯೊಂದನ್ನೂ ವಿಷದ ಪ್ರಮಾಣ ಗೊತ್ತಿರುವ ಮಾದರಿಯೊಂದನ್ನೂ ಅದೇ ಹಾದಿಯಲ್ಲಿ ಕಳುಹಿಸುತ್ತಾರೆ. ರಸ್ಪಾಯ್ ಎತ್ತಿದ ಸಂಶಯಕ್ಕೆ ಇದು ಉತ್ತರ.

ಇಷ್ಟಾದರೂ ವಿಷ ಸಿಕ್ಕಿತೆಂದರೆ ವಿಷದಿಂದ ಸತ್ತನೆಂದಾಗಲಿಲ್ಲ. ಸತ್ತ ಮೇಲೆ ಯಕೃತ್ತು ಶ್ವಾಸಕೋಶಗಳಲ್ಲಿದ್ದ ಔಷಧ ಮೆಲ್ಲನೆ ಹೃದಯದ ರಕ್ತಕ್ಕೆ ಸೇರಿ ಅಲ್ಲಿ ಪ್ರಮಾಣ ಹೆಚ್ಚಾಗಿ ಕಾಣುತ್ತದೆ. ಅದಕ್ಕೇ ತೊಡೆಯ ರಕ್ತ. ಕೊಳೆಯುವ ದೇಹ ತಾನೇ ಮದ್ಯಸಾರವನ್ನು ಉಂಟುಮಾಡುತ್ತದೆ. ಅದಕ್ಕೇ ಕಣ್ಣಿನ ದ್ರವ, ಅದು ಬೇಗ ಕೆಡುವುದಿಲ್ಲ. ಬಹುಕಾಲ ಮಾರ್ಫಿನ್ ಪಡೆದ ರೋಗಿಗೆ ಏನೂ ಮಾಡದ ಪ್ರಮಾಣ ಹೊಸಬನನ್ನು ಕೊಲ್ಲಬಲ್ಲದು. ಅಂಕಿಯೊಂದನ್ನೇ ಹಿಡಿದು ತೀರ್ಮಾನಿಸುವ ತಜ್ಞ ಇಂದು ನಗೆಗೀಡಾಗುತ್ತಾನೆ. ಪಟ್ಟಿಯಲ್ಲಿಲ್ಲದ ಹೊಸ ವಸ್ತುವನ್ನು ಹು‌ಡುಕದೆ ಇದ್ದರೆ ಅದು ಸಿಗುವುದೂ ಇಲ್ಲ.

ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಾಗಿ ಮೊದಲ ರಾಸಾಯನಿಕ ಪರೀಕ್ಷಾಲಯ ಮದರಾಸಿನಲ್ಲಿ ತೆರೆದದ್ದು 1849ರಲ್ಲಿ, ಓರ್ಫಿಲಾ ಬದುಕಿದ್ದಾಗಲೇ. ಆ ಹೊತ್ತಿಗೆ ಅವನ ದೆಸೆ ಇಳಿದಿತ್ತು. 1848ರ ಕ್ರಾಂತಿಯಲ್ಲಿ ದೊರೆಯೊಡನೆ ಇವನ ಅಧಿಕಾರವೂ ಹೋಯಿತು, ವಿದ್ಯಾಲಯದ ಮುಖ್ಯಸ್ಥನ ಸ್ಥಾನದಿಂದ ತೆಗೆದರು. 1851ರಲ್ಲಿ ವೈದ್ಯ ಅಕಾಡೆಮಿಯ ಅಧ್ಯಕ್ಷನಾದನು. ಮಾರೀ ಲಫಾರ್ಜ್ ಮೊಂಪೆಲ್ಯೆ ಪಟ್ಟಣದ ಸೆರೆಮನೆಯಲ್ಲಿ ಕ್ಷಯ ಹತ್ತಿ ಸವೆದಿದ್ದಳು. ಸೆರೆಯಲ್ಲಿದ್ದಾಗಲೇ ಆತ್ಮಕಥೆ ಬರೆದು ಪ್ರಕಟಿಸಿದಳು, ತಾನು ನಿರಪರಾಧಿ ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. 1852ರಲ್ಲಿ ಲೂಯಿ ನೆಪೋಲಿಯನ್ ಬಿಡುಗಡೆ ಕೊಟ್ಟನು. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡಳು. ನಾಲ್ಕು ತಿಂಗಳ ಮೇಲೆ, 1853ರ ಮಾರ್ಚ್ 12ರಂದು, ಓರ್ಫಿಲಾ ಪ್ಯಾರಿಸ್ಸಿನಲ್ಲಿ ಸತ್ತನು.

ಆ ವಿದ್ಯಾರ್ಥಿನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಮಾರೀ ನಿಜವಾಗಿ ಕೊಂದಳೇ ಎಂದು ಕೇಳಿದಳು. ಬಟ್ಟಲಿನ ಮೊಟ್ಟೆಹಾಲನ್ನು ನೆನೆದರೆ ಕೊಂದಳೆಂದೇ ನನಗೆ ತೋರುತ್ತದೆ, ಆದರೆ ಅರ್ಧ ಮಿಲಿಗ್ರಾಂನ ಆ ಕಲೆಯ ಮೇಲೆ ನಾನಾದರೆ ಅವಳನ್ನು ಸೆರೆಗೆ ಕಳುಹಿಸುತ್ತಿರಲಿಲ್ಲ ಎಂದೆ. ನಮ್ಮ ಬೀದಿಯ ವಿಚಾರವನ್ನು ಅವಳಿಗೆ ಹೇಳಲಿಲ್ಲ. ಓರ್ಫಿಲಾನ ಹೆಸರಿನ ಬೀದಿಯೊಂದು ಪ್ಯಾರಿಸ್ಸಿನಲ್ಲಿದೆ, ಅವನ ಗೋರಿ ಮೊಂಪಾರ್ನಾಸ್ ಸ್ಮಶಾನದಲ್ಲಿದೆ. ಮಾರೀಯ ಗೋರಿ ಪಿರನೀಸ್ ಬೆಟ್ಟಗಳ ಅಡಿಯ ಓರ್ನೋಲಾಕ್ ಎಂಬ ಪುಟ್ಟ ಊರಿನಲ್ಲಿದೆ.